ಫುವಾತಿನೊ ಟೀಚರ್ ಅಂಗಡಿ ಇಟ್ಟದ್ದು

ಫಾಲೆಸಿನಾ ಊರು, ಸವಾಯಿ ದ್ವೀಪ
ಮಾರ್ಚ್ 4

ಮಾನ್ಯ ತರಬೇತುದಾರರಾದ ಕುಮಾರಿ ವಾಲೆಲಿಯಾ ಅವರಿಗೆ,

ಪ್ರೌಢಶಾಲೆಯ ಶಿಕ್ಷಕರಿಗೆ ಉದ್ಯಮಶೀಲತೆಯ ಪಾಠ ಹೇಳಿಕೊಡುವ ತಮ್ಮ ಒಂದು ವಾರದ ಶಿಬಿರ ಮುಗಿಸಿ, ಆಪಿಯಾದಿಂದ ನಿನ್ನೆಯ ಹಡಗಿನಲ್ಲಿ ಕ್ಷೇಮವಾಗಿ ಊರು ತಲುಪಿದೆ. ಪ್ರತಿಯೊಬ್ಬ ಶಿಬಿರಾರ್ಥಿಯೂ ಆಗಾಗ ಅನುಭವ ಪತ್ರ ಬರೆಯತಕ್ಕದ್ದು, ಫೋನಿನಲ್ಲಿ ಹೇಳಿದ್ದು ಕಡತಕ್ಕೆ ಸೇರುವುದಿಲ್ಲ ಎಂದಿದ್ದೀರಿ. ಇದು ಮೊದಲನೆಯ ಅನುಭವ.

ಮೊದಲ ದಿನ ಹಾಜರಿ ಕರೆಯುವಾಗ ನೀನು ತಲೆ ಎತ್ತಿ, “ಫುವಾತಿನೊ ಅಂದ್ರೆ ಯಾರು?” ಅಂದೆ. ನಿನ್ನನ್ನು ಹೆತ್ತವಳು ಕಣೇ! ಹಿಂದಿನ ಸಾಲಿನ ಗಣಿತದ ಮೇಷ್ಟರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮಾರನೆಯ ದಿನ ಪಾಪ, ಸೊರಗಿದ್ದಾಳೆ ಅಂತ ನಿನಗೆ ಬೇಯಿಸಿದ ಟಾರೋ ಗೆಡ್ಡೆ ತಂದು ಮೇಜಿನ ಮೇಲಿಟ್ಟರೆ, ಅದನ್ನು ಎಲ್ಲರಿಗೂ ತೋರಿಸಿ “ಇದಕ್ಕೆ ಲಂಚ ಅಂತಾರೆ” ಎಂದು ಪಾಠ ಮಾಡಿದೆ. ಪಾಠ ಚೆನ್ನಾಗಿತ್ತು. ಗೆಡ್ಡೆಯನ್ನು ಗಣಿತದ ಮೇಷ್ಟರು ತಿಂದರು.

ಇರಲಿ. ನನ್ನ ಸಂಕಟ ನಿನಗೆ ಗೊತ್ತೇ ಇದೆ. ಈ ಶಾಲೆಯಲ್ಲಿ ನಾನು ಕಲಿಸುತ್ತ ಬಂದ ಬೆರಳಚ್ಚನ್ನು ಪಠ್ಯದಿಂದ ತೆಗೆದುಹಾಕಿದ್ದಾರೆ. ಆ ಜಾಗಕ್ಕೆ ಈ ಉದ್ಯಮಶೀಲತೆ ಬಂದಿದೆ. ನನ್ನ ಹನ್ನೊಂದನೇ ತರಗತಿಯ ಮಕ್ಕಳು ಒಂದು ವ್ಯಾಪಾರ ಮಾಡಿ ಲಾಭ ತೋರಿಸಿದರೆ ನವೆಂಬರಿಗೆ ನನಗೆ ಪ್ರಮಾಣಪತ್ರ. ಇಲ್ಲವಾದರೆ ಹೆಡ್‌ಮಾಸ್ಟರು ಒಂದು ಒಳ್ಳೆಯ ಚಾಪೆ ಕೊಟ್ಟು, ಎರಡು ಹಾಡು ಹಾಡಿಸಿ, ನಿವೃತ್ತಿ ಅಂತ ಮನೆಗೆ ಕಳಿಸುತ್ತಾರೆ. ಮಕ್ಕಳ ಗಲಾಟೆ ಇಲ್ಲದ ಮನೆಯಲ್ಲಿ ನಾನೇನು ಮಾಡಲಿ? ನನಗೆ ಆ ತರಗತಿ ಬೇಕು, ವಾಲೆಲಿಯಾ.

ಮಕ್ಕಳು ತೆಂಗಿನ ಹಾಲಿನ ಬನ್ನು ಮಾರುತ್ತಾರಂತೆ. ಮಾತಾಲೆನಾ ಅಂತ ಒಬ್ಬಳಿದ್ದಾಳೆ, ಅವಳ ಗಂಟಲಿಗೆ ಹಡಗೇ ತಿರುಗಿ ನೋಡಬೇಕು. ಕೂಗಿ ಕರೆಯುವ ಕೆಲಸ ಅವಳಿಗೇ ಕೊಟ್ಟಿದ್ದೇನೆ.

ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ. ತರಬೇತಿಗೂ ಇದಕ್ಕೂ ಸಂಬಂಧವಿಲ್ಲ.

ಇತಿ ತಮ್ಮ ವಿಧೇಯ ಶಿಬಿರಾರ್ಥಿ,
ಫುವಾತಿನೊ (ಅಂದರೆ ಯಾರು ಅಂತ ಈಗ ಗೊತ್ತಾಗಿರಬೇಕು)

*

ಆಪಿಯಾ
ಮಾರ್ಚ್ 13

ಮಾನ್ಯ ಶಿಬಿರಾರ್ಥಿಗಳೇ,

ತಮ್ಮ ಪತ್ರ ತಲುಪಿತು. ಮುಂದಿನ ಪತ್ರಗಳಲ್ಲಿ ವ್ಯಾಪಾರದ ವಿಷಯವನ್ನು ಮಾತ್ರ ಬರೆಯಬೇಕಾಗಿ ವಿನಂತಿ. ಇವನ್ನು ನಮ್ಮ ನಿರ್ದೇಶಕರೂ ಓದುತ್ತಾರೆ. ಟಾರೋ ಪ್ರಸಂಗವನ್ನು ಅವರು ಎರಡು ಸಲ ಓದಿ, ಇನ್ನೊಬ್ಬರಿಗೂ ಓದಿ ಹೇಳಿದರು.

ಬನ್ನು ಒಳ್ಳೆಯ ಆಯ್ಕೆ. ಜನ ಓಡಾಡುವ ಜಾಗದಲ್ಲಿ ಅಂಗಡಿ ಇಡಿ. ಬಸ್ಸು ನಿಲ್ಲುವಲ್ಲಿ ಹಲಸಿನಂಥ ಆ ದೊಡ್ಡ ಬ್ರೆಡ್‌ಫ್ರೂಟ್ ಮರ ಇನ್ನೂ ಇದ್ದರೆ ಅದರ ನೆರಳು ಸೂಕ್ತ. ಹೋಗುವವರನ್ನು ನಗುಮುಖದಿಂದ ಕರೆಯಲು ಮಕ್ಕಳಿಗೆ ಕಲಿಸಿ.

ಹಾಜರಿಯಲ್ಲಿ ಎಲ್ಲರ ಹೆಸರನ್ನೂ ಹಾಗೆಯೇ ಕೇಳಿದೆ. ಪಕ್ಷಪಾತ ಎನ್ನಬಾರದಲ್ಲ.

ಇತಿ,
ವಾಲೆಲಿಯಾ, ತರಬೇತುದಾರಳು

*

ಫಾಲೆಸಿನಾ
ಏಪ್ರಿಲ್ 9

ಮಾನ್ಯ ತರಬೇತುದಾರರಿಗೆ,

ವ್ಯಾಪಾರದ ವಿಷಯ ಮಾತ್ರ ಬರೆಯುತ್ತೇನೆ. ವ್ಯಾಪಾರ ಆಗಲಿಲ್ಲ.

ಮರದ ಕೆಳಗೆ ಮೇಜು ಹಾಕಿ, ಬಾಳೆ ಎಲೆ ಹಾಸಿ, ಬಿಸಿ ಬನ್ನು ಜೋಡಿಸಿದೆವು. ಪರಿಮಳ ಸಮುದ್ರದವರೆಗೂ ಹೋಗಿರಬೇಕು. ಮೊದಲು ಬಂದವರು ಮೀನು ಹಿಡಿದು ಮನೆಗೆ ಹೊರಟಿದ್ದ ಒಬ್ಬ ಅಜ್ಜ. ನೀನು ಹೇಳಿದಂತೆ ಮಾತಾಲೆನಾ ನಗುಮುಖದಿಂದ ಕರೆದಳು. ಏನಂತ ಕರೆದಳು? ಎದುರಿಗೆ ತಿಂಡಿ ಇದ್ದು, ದಾರಿಯಲ್ಲಿ ಮನುಷ್ಯ ಹೋಗುತ್ತಿದ್ದರೆ ನಮ್ಮ ಮಕ್ಕಳ ಬಾಯಲ್ಲಿ ಏನು ಬರುತ್ತದೆ?

“ಅಜ್ಜಾ, ಬನ್ನಿ, ತಿನ್ನಿ ಬನ್ನಿ!”

ಕರೆದ ಮೇಲೆ ತಿನ್ನದೆ ಹೋದರೆ ಅವಮಾನ. ಅಜ್ಜ ಕೂತರು, ತಿಂದರು, ಹರಸಿದರು. ಅಷ್ಟರಲ್ಲಿ ಬಸ್ಸು ಬಂತು. “ಎಲ್ಲಾರೂ ಇಳಿರಿ, ತಿಂದ್ಕೊಂಡ್ ಹೋಗ್ರಿ!” ಅಂತ ಇವಳ ಗಂಟಲು. ಡ್ರೈವರು ಇಂಜಿನ್ ಆರಿಸಿಯೇ ಬಂದ. ನಾನು ಸುಮ್ಮನಿದ್ದೆನೇ ಅಂತ ಕೇಳುತ್ತೀಯ. ಸುಮ್ಮನಿರಲಿಲ್ಲ. “ಇನ್ನೊಂದು ತಗೊಳ್ರಿ, ನಾಚ್ಕೋಬೇಡಿ” ಅಂತ ನಾನೇ ಬಡಿಸುತ್ತಿದ್ದೆ. ತಟ್ಟೆ ಖಾಲಿಯಾದ ಮೇಲೆ ಮಾತಾಲೆನಾ ಕೇಳಿದಳು: “ಟೀಚರ್, ದುಡ್ಡು ಇಸ್ಕೊಳ್ಳೋದು ಯಾವಾಗ?”

ಆದರೆ ನಮ್ಮ ಜನ ಉಂಡು ಹೋಗಿ ಸುಮ್ಮನಿರುವವರಲ್ಲ. ಮಾರನೆಯ ಬೆಳಿಗ್ಗೆ ಶಾಲೆಯ ಮುಂದೆ ಟಾರೋ, ಬಾಳೆಗೊನೆ, ಒಂದು ಆಕ್ಟೋಪಸ್, ಬಸ್ಸಿನ ಡ್ರೈವರ್ ಕಡೆಯಿಂದ ಒಂದು ಹಂದಿಮರಿ! ಬನ್ನು ಕೊಟ್ಟು ಹಂದಿ ತಂದವರು ನೀನು ಓದಿಬಂದ ವೆಲಿಂಗ್ಟನ್ನಿನಲ್ಲಿ ಯಾರಾದರೂ ಇದ್ದಾರೆಯೇ? ಇದನ್ನು ಲಾಭ ಎಂದು ಬರೆದುಕೊಳ್ಳತಕ್ಕದ್ದು. ಹಂದಿ ಚೆನ್ನಾಗಿ ತಿನ್ನುತ್ತಿದೆ.

ಇತಿ,
ಫುವಾತಿನೊ

*

ಆಪಿಯಾ
ಏಪ್ರಿಲ್ 17

ಮಾನ್ಯ ಶಿಬಿರಾರ್ಥಿಗಳೇ,

ಹಂದಿ ಲಾಭವಲ್ಲ. ನಿರ್ದೇಶಕರು ಹೌದು ಅಂತ ವಾದಿಸಿದರು, ಆದರೆ ಅವರಿಗೆ ಹಂದಿ ಎಂದರೆ ಇಷ್ಟ. ಪರೀಕ್ಷೆಗೆ ಬೇಕಾದದ್ದು ಮಾರಾಟ. ಬೆಲೆ ಹೇಳಿ, ದುಡ್ಡು ಪಡೆದು, ವಸ್ತು ಕೊಡುವುದು.

ನಮ್ಮ ಮಕ್ಕಳಿಗೆ “ಇಲ್ಲ” ಅನ್ನಲು ಬರುವುದಿಲ್ಲ. ಅದನ್ನು ಕಲಿಸದೆ ವ್ಯಾಪಾರ ಕಲಿಸುವುದು ನೀರಿಗಿಳಿಯದೆ ಈಜು ಕಲಿಸಿದ ಹಾಗೆ. ನಾನೇ ಬರೆದ ಒಂದು ಕಿರುನಾಟಕ ಇದರೊಂದಿಗಿದೆ. ಒಬ್ಬ ಹುಡುಗ ಮಾವನಾಗಿ ಬಂದು ಪುಕ್ಕಟೆ ಬನ್ನು ಕೇಳಬೇಕು, ಅಂಗಡಿಯ ಹುಡುಗ ದೃಢವಾಗಿ ನಿರಾಕರಿಸಬೇಕು. ಬಾಯಿಪಾಠ ಆಗುವವರೆಗೆ ದಿನವೂ ಆಡಿಸಿ.

ಇತಿ,
ವಾಲೆಲಿಯಾ

*

ಫಾಲೆಸಿನಾ
ಮೇ 20

ನಾಟಕಕಾರ್ತಿಯವರಿಗೆ,

ನಿನ್ನ ನಾಟಕ ಊರಿನಲ್ಲಿ ಬಹಳ ಪ್ರಸಿದ್ಧವಾಯಿತು.

ಮಕ್ಕಳು ಚೆನ್ನಾಗಿಯೇ ಕಲಿತಿದ್ದರು. ಅಂಗಡಿಯವನ ಪಾತ್ರ ಪೆನಿಟಾಲನದು, ಬಹಳ ವಿಧೇಯ ಹುಡುಗ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ನಾಟಕ ನಡೆಯುವಾಗ ಪಾದ್ರಿಗಳು ಶಾಲೆಯ ಕಡೆ ಬಂದರು. ಮೇಜಿನ ಮೇಲೆ ನಿಜವಾದ ಬನ್ನುಗಳಿದ್ದವು. ಅವರು ಜಗಲಿ ಹತ್ತಿ, “ಆಹಾ, ಏನ್ ಘಮ ಮಕ್ಕಳೇ! ಒಂದು ರುಚಿ ನೋಡೋಣ್ವಾ?” ಅಂದರು. ಪೆನಿಟಾಲ ಎದೆ ಸೆಟೆಸಿ, ನೀನು ಬರೆದುಕೊಟ್ಟ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ:

“ಕಾಸಿದ್ರೆ ತಿನ್ನಿ, ಇಲ್ದಿದ್ರೆ ದಾರಿ ಬಿಡಿ! ಹಿಂದೆ ಗಿರಾಕಿ ಕಾಯ್ತಿದಾರೆ!”

ಪಾದ್ರಿಗಳು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ.

ಸೋಮವಾರ ಊರಿನ ಹಿರಿಯರ ಸಭೆ ಸೇರಿತು. ನಾಟಕದ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಕೆಳಗೆ ನಿನ್ನ ಸಹಿ. “ಇದು ಬರೆದೋಳು ಯಾರ ಮಗಳು?” ಅಂದರು. “ನನ್ನ ಮಗಳೇ” ಅಂದೆ. “ಕಲಿಸಿದೋಳು?” “ನಾನೇ.” “ಹಂಗಾರೆ ಮನೇಲೇ ಎಲ್ಲಾ ಮುಗ್ದೋಯ್ತು” ಎಂದು ದಂಡ ಹಾಕಿದರು: ಡಬ್ಬಿ ಮೀನಿನ ಪೆಟ್ಟಿಗೆ, ಜೊತೆಗೆ ಒಂದು ಹಂದಿ. ಹಂದಿ ಎಲ್ಲಿಂದ ತರಲಿ? ಶಾಲೆಯ ಹಿಂದೆ ಕಟ್ಟಿದ್ದೆವಲ್ಲ, ಅದೇ ಹೋಯಿತು. ಕಲ್ಲಿನ ಒಲೆಯಲ್ಲಿ ಸುಟ್ಟು, ಪಾದ್ರಿಗಳ ಪ್ರಾರ್ಥನೆಯಾಗಿ, ಮಕ್ಕಳನ್ನೂ ಕೂರಿಸಿ ಬಡಿಸಿದರು. ನಮ್ಮ ಬಂಡವಾಳವನ್ನು ನಾವೇ ಚಪ್ಪರಿಸಿ ತಿಂದೆವು. ಪೆನಿಟಾಲನ ತಟ್ಟೆಗೆ ಪಾದ್ರಿಗಳೇ ಕೈಯಾರೆ ಬಡಿಸಿ, “ತಿನ್ನೋ, ಕಾಸು ಬೇಡ” ಅಂದರು.

ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ ಇರಬೇಕು. ಆದರೆ ನಗು ಮುಗಿದ ಮೇಲೆ ಹೆಡ್‌ಮಾಸ್ಟರು ಮೆತ್ತಗೆ, “ಚಾಪೆ ಹೆಣೆಯೋಕೆ ಹೇಳ್ಲಾ, ಫುವಾತಿನೊ?” ಅಂದರು. ತಮಾಷೆಗೇ ಅಂದದ್ದು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಇತಿ,
ದಂಡ ತೆತ್ತ ಶಿಬಿರಾರ್ಥಿ

*

ಆಪಿಯಾ
ಜೂನ್ 26

ಅಮ್ಮಾ,

ತಡವಾದದ್ದಕ್ಕೆ ಕ್ಷಮಿಸು. ಇದು ಕಡತದ ಪತ್ರವಲ್ಲ, ಹರಿದುಹಾಕು.

ಬೇರೆ ಶಾಲೆಗಳ ಪತ್ರಗಳೂ ಬಂದಿವೆ. ಒಂದು ಕಡೆ ಮಕ್ಕಳು ಕೋಳಿ ಸಾಕಿ ಎಲ್ಲವನ್ನೂ ಒಂದು ಮದುವೆಗೆ ಕೊಟ್ಟಿದ್ದಾರೆ. ಇನ್ನೊಂದು ಕಡೆ ಸಾಬೂನು ಮಾಡಿ ಇಡೀ ಊರಿನ ಬಟ್ಟೆ ಒಗೆದುಕೊಟ್ಟಿದ್ದಾರೆ. ನಿರ್ದೇಶಕರು ನನ್ನನ್ನು ಕರೆದು, “ನೀವು ಕಲಿಸಿದ್ದು ಉದ್ಯಮವೋ, ದಾನಧರ್ಮವೋ?” ಅಂದರು.

ಮತ್ತೆ, ನಗಬೇಡ. “ಇಲ್ಲ ಅನ್ನಿ” ಅಂತ ಹಗಲೆಲ್ಲ ಪಾಠ ಹೇಳುವ ನನ್ನ ಒಂದೇ ಕೋಣೆಯ ಮನೆಯಲ್ಲಿ ದೊಡ್ಡಮ್ಮನ ಮಕ್ಕಳು ಮೂವರು ಈಸ್ಟರ್‌ಗೆ ಬಂದವರು ಇನ್ನೂ ಹೋಗಿಲ್ಲ. ಹೋಗಿ ಅನ್ನಲು ನಿನ್ನೆ ಬಾಯಿ ತೆರೆದೆ. “ಚಹಾ ಕುಡೀತೀರಾ?” ಅಂತ ಬಂತು.

ನಾನು ಓದಿದ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿಲ್ಲ. ನಮ್ಮ ಜನ ಯಾವುದಕ್ಕೆ ಕೇಳದೆಯೇ ದುಡ್ಡು ಬಿಚ್ಚುತ್ತಾರೆ? ನೀನು ಅಲ್ಲೇ ಇದ್ದೀಯ. ಸ್ವಲ್ಪ ನೋಡುತ್ತೀಯಾ?

ನಿನ್ನ,
ವಾಲೆಲಿಯಾ

*

ಫಾಲೆಸಿನಾ
ಆಗಸ್ಟ್ 2

ಮಗಳೇ,

ಹರಿದುಹಾಕಲಿಲ್ಲ. “ಅಮ್ಮಾ” ಅಂತ ಶುರುವಾದ ಕಾಗದವನ್ನು ಯಾರಾದರೂ ಹರಿಯುತ್ತಾರೆಯೇ?

ನೀನು ನೋಡು ಅಂದೆ, ನಾನು ನೋಡಿದೆ. ನಮ್ಮ ಹೆಡ್‌ಮಾಸ್ಟರನ್ನೇ ನೋಡಿದೆ. ದಿನಾ ಬೆಳಿಗ್ಗೆ “ಉಳಿದಿದ್ರೆ ಒಂದು ಕೊಡಮ್ಮ” ಅಂತ ಬನ್ನಿಗೆ ಕೈಚಾಚುವ ಮನುಷ್ಯ, ಹೋದ ವಾರ ತಮ್ಮನ ಮಗ ಪೊಲೀಸು ತರಬೇತಿ ಮುಗಿಸಿದ ಅಂತ ಪೇಟೆಗೆ ಹೋಗಿ ಒಂದು ಪೆಪ್ಪರ್‌ಮೆಂಟಿನ ಹಾರ ತಂದರು. ಜರಿ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಹುಡುಗನ ಕೊರಳಿಗೆ ಹಾಕಿ ಮೆರೆಸುತ್ತಾರಲ್ಲ, ಅದು. “ಎಷ್ಟಾಯ್ತು ಸಾರ್?” ಅಂದೆ. ಬೆಲೆ ಹೇಳಿ ಮುಖ ಸಣ್ಣ ಮಾಡಿಕೊಂಡರು. ಜಾಸ್ತಿಯಾಯಿತು ಅಂತ ಇರಬೇಕು ಅಂದುಕೊಂಡೆ. ಅಲ್ಲ! “ಅಂಗಡೀಲಿ ಇದಕ್ಕಿಂತ ದುಬಾರೀದು ಇರ್ಲಿಲ್ಲ ಕಣಮ್ಮ. ನೋಡಿದೋರು ಏನಂದ್ಕೋತಾರೆ?” ಅಂತ ಪೇಚಾಡಿದರು.

ನನಗೆ ತಲೆಯ ಮೇಲೆ ತೆಂಗಿನಕಾಯಿ ಬಿದ್ದಂತಾಯಿತು. ತಾವು ತಿನ್ನುವುದಕ್ಕೆ ನಮ್ಮವರು ಕಾಸು ಬಿಚ್ಚುವುದಿಲ್ಲ. ಇನ್ನೊಬ್ಬರಿಗೆ ಕೊಡುವುದಕ್ಕೆ ಗಂಟೇ ಬಿಚ್ಚುತ್ತಾರೆ. ಮಾರನೆಯ ದಿನವೇ ಬನ್ನಿನ ಒಲೆ ಆರಿಸಿದೆವು. ಈಗ ತರಗತಿಯಲ್ಲಿ ಹಾರ ಕಟ್ಟುತ್ತಿದ್ದೇವೆ. ಪೆಪ್ಪರ್‌ಮೆಂಟು, ಕಪ್ಪೆಚಿಪ್ಪು, ಹೂವು, ಕೇಳಿದವರಿಗೆ ಕೇಳಿದ್ದು. ಜನ ದುಡ್ಡು ಕೊಟ್ಟು ಒಯ್ಯುತ್ತಿದ್ದಾರೆ! ಪಾದ್ರಿಗಳೇ ಒಂದು ಕೊಂಡರು, ಪೆನಿಟಾಲನಿಂದ. ಅವನು ತೊದಲುತ್ತಲೇ ಚಿಲ್ಲರೆ ಕೊಟ್ಟ.

ಆದರೂ ಪುಕ್ಕಟೆ ಕೇಳುವ ನೆಂಟರು ಇದ್ದೇ ಇರುತ್ತಾರಲ್ಲ. ಅವರಿಗೆ “ಇಲ್ಲ” ಅನ್ನುವುದನ್ನು ನಾನು ಮಕ್ಕಳಿಗೆ ಕಲಿಸಲಿಲ್ಲ. ಬೇರೇನೋ ಕಲಿಸಿದ್ದೇನೆ. ಏನು ಅಂತ ಬರೆಯುವುದಿಲ್ಲ. ಪರೀಕ್ಷೆಗೆ ಬಂದವರು ನೋಡಿಕೊಳ್ಳಲಿ. ಯಾವಾಗ ಬರುತ್ತಾರೆ?

ದೊಡ್ಡಮ್ಮನ ಮಕ್ಕಳಿಗೆ ಇಲ್ಲಿ ಮನೆ ರಿಪೇರಿಯ ಕೆಲಸವಿದೆ, ಕೂಡಲೇ ಬರಬೇಕಂತೆ ಅಂತ ಹೇಳು. ಇಲ್ಲಿಗೆ ಬಂದ ಮೇಲೆ ನಾನು ನೋಡಿಕೊಳ್ಳುತ್ತೇನೆ.

ಇತಿ,
ನಿನ್ನ ಅಮ್ಮ

*

ಆಪಿಯಾ
ಸೆಪ್ಟೆಂಬರ್ 3

ಮಾನ್ಯ ಶಿಬಿರಾರ್ಥಿಗಳೇ,

ಒಂದು ತೊಡಕು ಬಂದಿದೆ. ಪರೀಕ್ಷಕರು ಶಿಬಿರಾರ್ಥಿಯ ಸಂಬಂಧಿಕರಾಗಿರಬಾರದು ಎಂದು ನಿಯಮವಿದೆ. ನಾನು ಬರುವಂತಿಲ್ಲ ಎಂಬುದು ಮೊದಲೇ ಗೊತ್ತಿತ್ತು. ಆದ್ದರಿಂದ ಕಚೇರಿಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದೆವು.

ಲೆಕ್ಕಪತ್ರದವರು ನಿಮ್ಮ ಅತ್ತೆಯ ಕಡೆ. ಗ್ರಂಥಾಲಯದವರು ಅಪ್ಪನ ಸೋದರಮಾವನ ಮೊಮ್ಮಗ. ಇನ್ನೊಬ್ಬರು ಸಂಬಂಧವೇ ಇಲ್ಲ ಎಂದು ಕೈಯೆತ್ತಿದರು, ನಮಗೆಲ್ಲ ಸಂತೋಷವಾಯಿತು. ಚಹಾ ಕುಡಿಯುತ್ತ ಮಾತಾಡುವಾಗ ಅವರ ಅಜ್ಜಿ ಫಾಲೆಸಿನಾದವರೆಂದು ತಿಳಿಯಿತು. ನಿರ್ದೇಶಕರು ತಮ್ಮ ವಂಶಾವಳಿಯನ್ನು ಎಂಟು ತಲೆಮಾರು ಹೇಳಿಕೊಂಡು ಹೋಗಿ, ಎಂಟನೆಯದರಲ್ಲಿ ನಿಮ್ಮ ಮನೆತನವನ್ನು ಕಂಡು ಕಣ್ಣೊರೆಸಿಕೊಂಡರು. ಕೊನೆಗೆ ಉಳಿದದ್ದು ವೆಲಿಂಗ್ಟನ್ನಿನಿಂದ ಬಂದಿರುವ ಸಲಹೆಗಾರ ಡೆರಿಕ್. ಅವರು ಶಿಬಿರದ ವಾರ ನಿಮ್ಮ ಬುಟ್ಟಿಯಿಂದ ಊಟ ಮಾಡಿದ್ದರಂತೆ. “ಆಕೆ ನನ್ನನ್ನು ಮಗ ಅಂದಿದ್ದಾರೆ, ನನ್ನಿಂದಾಗದು” ಅಂದುಬಿಟ್ಟರು.

ಸಂಬಂಧವಿಲ್ಲದವರು ಸಿಗುವವರೆಗೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ನವೆಂಬರಿನೊಳಗೆ ಆಗದಿದ್ದರೆ ಪ್ರಮಾಣಪತ್ರವಿಲ್ಲ. ದಾರಿ ಹುಡುಕುತ್ತಿದ್ದೇನೆ.

ಇತಿ,
ವಾಲೆಲಿಯಾ

*

ಫಾಲೆಸಿನಾ
ಸೆಪ್ಟೆಂಬರ್ 12

ವಾಲೆಲಿಯಾ,

ಈ ದ್ವೀಪಗಳಲ್ಲಿ ನನ್ನ ನೆಂಟನಲ್ಲದವನನ್ನು ಹುಡುಕುವುದೂ ಸಮುದ್ರದಲ್ಲಿ ಒಣಗಿದ ಮೀನು ಹುಡುಕುವುದೂ ಒಂದೇ. ನಿಯಮ ಬರೆದವನಿಗೆ ಅಜ್ಜಿ ಇರಲಿಲ್ಲವೇನೋ, ಪಾಪ.

ಹಾರಗಳು ಮಾರಿಹೋಗುತ್ತಿವೆ. ಮಕ್ಕಳು ಕಲಿತಿದ್ದಾರೆ. ಇಷ್ಟೆಲ್ಲ ಆಗಿ, ನೋಡುವವರು ಬರಲಿಲ್ಲ ಅಂತ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾದರೆ ನನಗೆ ತಡೆದುಕೊಳ್ಳಲಾಗದು. ಮಾತಾಲೆನಾ, “ಟೀಚರ್, ಮುಂದಿನ ವರ್ಷ ನೀವಿರ್ತೀರಾ?” ಅಂತ ಕೇಳಿದಳು. ಅವಳ ಗಂಟಲು ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ನೀನೇ ಬಾ. ಬೇಕಾದರೆ ಫೇಲು ಮಾಡು, ಆದರೆ ಬಂದು ಮಾಡು. ನೀನು ವಿದೇಶದಿಂದ ಹಿಂತಿರುಗಿದಾಗಿನಿಂದ ನಾನು ಒಂದು ಮಾತೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಹಡಗು ದಿನಾ ಇದೆ ಅಂತ ಮಾತ್ರ ಹೇಳುತ್ತೇನೆ.

ಅಮ್ಮ

*

ಆಪಿಯಾ
ಅಕ್ಟೋಬರ್ 1

ಅಮ್ಮಾ,

ನಿನ್ನ ಪತ್ರವನ್ನು ನಿರ್ದೇಶಕರಿಗೆ ಕೊಟ್ಟೆ. ಓದಿ ಹೀಗೆ ತೀರ್ಪು ಕೊಟ್ಟರು: “ಎಲ್ಲಾರೂ ನೆಂಟರೇ ಆದ್ಮೇಲೆ ತೀರಾ ಹತ್ತಿರದೋಳೇ ಹೋಗ್ಲಿ. ದೂರದ ನೆಂಟ ಮುಲಾಜಿಗೆ ಪಾಸ್ ಮಾಡ್ತಾನೆ. ಹೊಟ್ಟೇಲಿ ಹುಟ್ಟಿದೋಳು ಊರಿನ ಬಾಯಿಗೆ ಹೆದರಿ ಸರಿಯಾಗಿ ನೋಡ್ತಾಳೆ.” ಗುರುವಾರ ಬರುತ್ತೇನೆ.

ನೀನು ಕೇಳದೆ ಬಿಟ್ಟದ್ದಕ್ಕೂ ಉತ್ತರ ಹೇಳುತ್ತೇನೆ. ಒಂಬತ್ತು ವರ್ಷ ಹೊರದೇಶದಲ್ಲಿದ್ದವಳು ಊರಿಗೆ ಬಂದರೆ ಮನೆಮನೆಗೂ ಏನಾದರೂ ತರಬೇಕು. ಪಾದ್ರಿಗಳಿಗೆ, ಹಿರಿಯರಿಗೆ, ಅತ್ತೆಯರಿಗೆ. ನನ್ನ ಸಂಬಳ ನೋಡಿದರೆ ಒಂದು ಮನೆಗೂ ಸಾಲದು. ಮುಂದಿನ ತಿಂಗಳು ಕೂಡಿಡೋಣ, ಆಮೇಲೆ ಹೋಗೋಣ ಅಂದುಕೊಂಡೇ ದಿನ ಹೋಯಿತು. ಫುವಾತಿನೊ ಟೀಚರ ಮಗಳು ಬರಿಗೈಯಲ್ಲಿ ಬಂದಳು ಅಂತ ನಿನ್ನನ್ನು ಯಾರೂ ಆಡಿಕೊಳ್ಳಬಾರದು.

ಆದ್ದರಿಂದ ಪರೀಕ್ಷಕಳಾಗಿ ಮಾತ್ರ ಬರುತ್ತೇನೆ. ನೇರ ಶಾಲೆಗೆ, ಸಂಜೆಯ ಹಡಗಿಗೆ ವಾಪಸ್ಸು. ಪರೀಕ್ಷೆಯ ಹೊತ್ತಿಗೆ ನೀನು ಅಲ್ಲಿರುವಂತಿಲ್ಲ. ಮನೆಯಲ್ಲಿ ಶಾಲೆಗೆ ಬೆನ್ನು ಹಾಕಿ ಕೂತಿರಬೇಕು. ಊರಿನ ಎಲ್ಲ ಮನೆಗಳಂತೆ ನಮ್ಮದೂ ಕಂಬದ ಮೇಲೊಂದು ಚಾವಣಿ ಅಷ್ಟೇ, ಗೋಡೆ ಇಲ್ಲ, ಕೂತಲ್ಲಿಂದಲೇ ಶಾಲೆ ಕಾಣುತ್ತದೆ ಅಂತ ನನಗೂ ಗೊತ್ತು. ತಿರುಗಿ ನೋಡಬೇಡ.

ವಾಲೆಲಿಯಾ

*

ಆಪಿಯಾ
ಅಕ್ಟೋಬರ್ 8

ಅಮ್ಮಾ,

ಗುರುವಾರ ನಿನಗೆ ಏನೂ ಹೇಳದೆ ಓಡಿಬಂದೆ. ಈಗ ಹೇಳುತ್ತೇನೆ.

ಪರೀಕ್ಷೆಯ ಕೊನೆಯ ಭಾಗ, ಹತ್ತಿರದವರಾಗಿ ಹೋಗಿ ಪುಕ್ಕಟೆ ಕೇಳುವುದು. ಅಂಗಡಿಯಲ್ಲಿ ಮಾತಾಲೆನಾ ಇದ್ದಳು. ನಾನು ಇರುವ ಸಲುಗೆಯನ್ನೆಲ್ಲ ಒಟ್ಟು ಮಾಡಿಕೊಂಡು, “ನಾನು ನಿಮ್ ಟೀಚರ್ ಮಗಳು ಕಣೇ. ಒಂಬತ್ತ್ ವರ್ಷ ಆದ್ಮೇಲೆ ಊರಿಗ್ ಬಂದಿದೀನಿ. ಒಂದ್ ಹಾರ ಹಂಗೇ ಕೊಡಲ್ವಾ?” ಅಂದೆ. ಅವಳು ತಕ್ಷಣ ಒಂದು ಹಾರ ಕೈಗೆತ್ತಿಕೊಂಡಳು. ಮುಗಿಯಿತು, ನಮ್ಮಮ್ಮ ಫೇಲು ಅಂದುಕೊಂಡೆ.

“ಕೊಡ್ತೀನಿ ಅಕ್ಕಾ. ಯಾರಿಗೆ?” ಅಂದಳು.

ಬಾಯಿಗೆ ಬಂದದ್ದು ಹೇಳಿದೆ. “ನಮ್ಮಮ್ಮಂಗೆ.”

ಅವಳು ಹಾರವನ್ನು ಹಿಂದಕ್ಕೆ ಇಡಲೂ ಇಲ್ಲ, ಮುಂದಕ್ಕೆ ನೀಡಲೂ ಇಲ್ಲ. “ನಂಗೇನು ಅಕ್ಕ, ಕೊಟ್ಬಿಡ್ತೀನಿ. ಆದ್ರೆ ಇಷ್ಟ್ ವರ್ಷ ಆದ್ಮೇಲೆ ಅಮ್ಮನ ಕೊರಳಿಗೆ ಬೇಡಿ ತಂದಿದ್ದು ಹಾಕ್ತೀರಾ? ಟೀಚರ್ ಏನೂ ಅನ್ನಲ್ಲ. ನಿಮ್ಗೇ ಚೆನ್ನಾಗಿರಲ್ಲ” ಅಂದಳು. ಎಷ್ಟು ಮೆತ್ತಗೆ ಅಂದಳೆಂದರೆ ಅದು ನಿರಾಕರಣೆ ಅಂತ ನನಗೆ ತಿಳಿಯುವಷ್ಟರಲ್ಲಿ ನಾನು ಚೀಲ ತೆರೆದಾಗಿತ್ತು. ಅಷ್ಟಕ್ಕೇ ಬಿಟ್ಟಳೇ? “ಇದು ಚಿಕ್ಕದಾಗತ್ತೆ ಅಕ್ಕ, ಟೀಚರ್ ಭುಜ ಅಗಲ” ಎಂದು ಇದ್ದುದರಲ್ಲಿ ದೊಡ್ಡದನ್ನೇ ಮಾರಿದಳು.

ನೀನು ಮಾತು ಮೀರದೆ ಬೆನ್ನು ಹಾಕಿಯೇ ಕೂತಿದ್ದೆ. ನಾನು ಹಿಂದಿನಿಂದ ಬಂದು ಹಾರವನ್ನು ಕೊರಳಿಗೆ ಹಾಕಿದಾಗ ನೀನು ಬೆಚ್ಚಿಬಿದ್ದೆ. “ಪಾಸೋ ಫೇಲೋ?” ಅಂದೆ. ನಾನು ಹಡಗಿಗೆ ಹೊತ್ತಾಯಿತು ಅಂದೆ. ಹೊತ್ತೇನೂ ಆಗಿರಲಿಲ್ಲ. ಬಾಯಿ ತೆರೆದರೆ ಅಳುತ್ತಿದ್ದೆ, ಪರೀಕ್ಷಕರು ಅಳಬಾರದು.

ಪ್ರಮಾಣಪತ್ರ ಇದರೊಂದಿಗಿದೆ. ನಿರ್ದೇಶಕರ ಸಹಿ ಇದೆ, ನನ್ನದೂ ಇದೆ. ಮುಂದಿನ ವರ್ಷವೂ ಆ ತರಗತಿ ನಿನ್ನದೇ. ಬೇಸಿಗೆಯ ಶಿಬಿರದಲ್ಲಿ ಉಳಿದ ಶಿಕ್ಷಕರಿಗೆ ಆ “ಯಾರಿಗೆ?” ಪಾಠವನ್ನು ನೀನೇ ಮಾಡಬೇಕೆಂದು ಆದೇಶವಾಗಿದೆ.

ಭಾನುವಾರ ಊಟಕ್ಕೆ ಬರುತ್ತೇನೆ. ಬರಿಗೈಯಲ್ಲೇ ಬರುತ್ತೇನೆ. ಇದ್ದದ್ದನ್ನೆಲ್ಲ ನಿನ್ನ ಶಿಷ್ಯೆ ಕಿತ್ತುಕೊಂಡಿದ್ದಾಳೆ. ಯಾರಾದರೂ ಆಡಿಕೊಂಡರೆ ಅವಳನ್ನು ಕೇಳು ಅನ್ನು.

ನಿನ್ನ ಮಗಳು,
ವಾಲೆಲಿಯಾ